ಮೂರನೆಯ ಕಿಟಕಿಯ ಪರದೆ

“ತಡಿ, ತಿರುಪು ಹಾಕ್ಬೇಡ” ಎಂದು ಡಾರ್ಕಸ್ ಗಂಡನ ಮೊಳಕೈ ಹಿಡಿದಳು.

ಸೇತ್ ಬಾಯಲ್ಲಿ ಕಚ್ಚಿಕೊಂಡಿದ್ದ ತಿರುಪುಮೊಳೆಗಳನ್ನು ಅಂಗೈಗೆ ಉಗುಳಿಕೊಂಡ. ಶವಪೆಟ್ಟಿಗೆಯನ್ನು ಮಾಡಿದವನು ಅವನೇ. ಹೆಂಡತಿಯ ಅಕ್ಕನಿಗೆಂದು ಹಲಗೆಗಳನ್ನು ಆರಿಸಿ ತಂದು, ಗಂಟು ಕಾಣದ ಹಾಗೆ ಕೂಡಿಸಿದ್ದ.

“ಇನ್ನೇನು ಬಾಕಿ? ಮುತ್ತು ಕೊಟ್ಟಾಯ್ತು, ಅತ್ತಾಯ್ತು.”

“ಬೀರುವಿನ ಬೀಗದಕೈ. ದೊಡ್ಡಮನೆಯಿಂದ ಹೇಳಿಕಳಿಸಿದಾರೆ, ಇವತ್ತೇ ಬೇಕಂತೆ. ಅವಳ ಕೊರಳಲ್ಲೇ ಇದೆ.”

“ನಾನು ಬೇಕಂತ್ಲೇ ಬಿಟ್ಟಿದ್ದು” ಎಂದಳು ಒಲೆಯ ಹತ್ತಿರ ಕುಳಿತಿದ್ದ ಮಿಸೆಸ್ ಪಾಸ್ಕ್. ಸ್ಕೆಲ್‌ಬಿಯಲ್ಲಿ ಹುಟ್ಟಿದವರಿಗೆ ಮೊದಲ ಸ್ನಾನ, ಸತ್ತವರಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದವಳು ಅವಳೇ. “ನೀನೇ ಅಲ್ವೇನೇ ಹೇಳಿದ್ದು, ಇರ್ಲಿ, ಅವಳ ಜೊತೆಗೇ ಹೋಗ್ಲಿ ಅಂತ?”

“ಹೇಳಿದ್ದೆ. ಕೊಡೋಕೆ ನಮ್ಮದು ಅನ್ನೋ ಹಾಗೆ ಹೇಳಿದ್ದೆ.”

ಸೇತ್ ಮುಚ್ಚಳ ಸರಿಸಿದ. ಅಕ್ಕನ ಕೊರಳಪಟ್ಟಿಯ ಕೆಳಗೆ ಡಾರ್ಕಸ್ ಬೆರಳು ಹಾಕಿ ಲಾಡಿಯನ್ನು ಹುಡುಕಿದಳು. ತೊಳೆದು ತೊಳೆದು ಬೂದಿಬಣ್ಣಕ್ಕೆ ತಿರುಗಿದ್ದ ಹತ್ತಿಯ ಲಾಡಿ. ಅದರ ತುದಿಯಲ್ಲಿ ಕಿರುಬೆರಳಿನಷ್ಟು ಹಿತ್ತಾಳೆಯ ಬೀಗದಕೈ. ಅದು ಎದೆಯ ಮೇಲೆ ಇದ್ದ ಜಾಗದಲ್ಲಿ ಚರ್ಮ ಹಸಿರುಗಟ್ಟಿತ್ತು. ಮಿಸೆಸ್ ಪಾಸ್ಕ್ ಎಷ್ಟು ಉಜ್ಜಿದರೂ ಆ ಗುರುತು ಹೋಗಿರಲಿಲ್ಲ.

“ಸತ್ತ ಮೇಲೂ ಕೆಲಸಕ್ಕೆ ಕರೀತಾರೆ ನೋಡು” ಎಂದ ಸೇತ್.

“ನಾನೇ ಹೋಗಿ ಕೊಟ್ಟು ಬರ್ತೀನಿ. ಹಾಗೇ ಪರದೆ ವಿಷಯಾನೂ ಕೇಳ್ತೀನಿ.”

“ಕೇಳು. ಇಳಿಸಿದ್ರೆ ನನ್ನ ಹೆಸರು ಬದಲಾಯಿಸು.”

“ನಿನ್ನ ಹೆಸರಿಟ್ಕೊಂಡು ನಂಗೇನಾಗ್ಬೇಕು” ಎನ್ನುತ್ತ ಡಾರ್ಕಸ್ ಕಪ್ಪು ಶಾಲು ಹೊದ್ದಳು. ಹಿಂದಿನಿಂದ ತಿರುಪು ಮರದೊಳಕ್ಕೆ ಕಿರುಗುಟ್ಟುತ್ತ ಇಳಿಯುವ ಸದ್ದು ಕೇಳಿಸಿತು.

*

ಕೊನೆಯ ದಿನಗಳಲ್ಲಿ ಅಕ್ಕ ಕೆಜಾಯಾಳಿಗೆ ಹೊತ್ತಿನ ಲೆಕ್ಕ ಒಂದು ಬಿಟ್ಟು ಉಳಿದೆಲ್ಲ ತಪ್ಪಿಹೋಗಿತ್ತು. ತಂಗಿಯನ್ನು ಅಮ್ಮ ಎನ್ನುತ್ತಿದ್ದಳು. ಸೇತ್‌ನನ್ನು ಕಂಡರೆ ಯಾವುದೋ ಬಟ್ಲರ್ ಎಂದುಕೊಂಡು ಏಳಲು ಹವಣಿಸುತ್ತಿದ್ದಳು. ಆದರೆ ಮಧ್ಯಾಹ್ನ ಇಳಿದು ಬಿಸಿಲು ಅಡುಗೆಮನೆಯ ಸಣ್ಣ ಕಿಟಕಿಯಿಂದ ಒಳಗೆ ಬಂದು ಪಿಂಗಾಣಿ ತಟ್ಟೆಗಳ ಕಡೆ ಹರಿಯತೊಡಗಿದರೆ ಸಾಕು, ಹಾಸಿಗೆಯಿಂದಲೇ ಕೈ ಎತ್ತುತ್ತಿದ್ದಳು.

“ಡಾರ್ಕಸ್, ಬಿಸಿಲು ಬಂತು. ಪರದೆ ಇಳಿಸು.”

“ಇಲ್ಲಿ ನಿನ್ನ ದೊಡ್ಡಮನೆ ಬೀರು ಇಲ್ಲ ಕೆಜ್ಜಿ. ಮೂರು ತಟ್ಟೆ, ಒಂದು ಕೂಜ. ಅವಕ್ಕೆ ಬಿಸಿಲು ಬಿದ್ರೆ ಏನೂ ಆಗಲ್ಲ.”

“ಇಳಿಸು.”

ಇಳಿಸುತ್ತಿದ್ದಳು. ಚಳಿಗಾಲದ ಕೊನೆ. ಇಡೀ ದಿನದಲ್ಲಿ ಆ ಕೋಣೆಗೆ ಬರುತ್ತಿದ್ದ ಬಿಸಿಲೇ ಅಷ್ಟು. ಕಿಟಕಿಗೆ ಕಂಬಳಿಯ ತುಂಡು ಕಟ್ಟಿ ಅಕ್ಕತಂಗಿಯರಿಬ್ಬರೂ ಕತ್ತಲಲ್ಲಿ ಕುಳಿತಿರುತ್ತಿದ್ದರು. ಕೆಜಾಯಾ ಗಡಿಯಾರ ನೋಡುತ್ತಿರಲಿಲ್ಲ. ಬಿಸಿಲು ಗೋಡೆ ಬಿಟ್ಟ ಹೊತ್ತಿಗೆ ಸರಿಯಾಗಿ, “ಈಗ ಏರಿಸಬಹುದು” ಎನ್ನುತ್ತಿದ್ದಳು.

ಹಾಗೆ ಕತ್ತಲಲ್ಲಿ ಕುಳಿತಿದ್ದಾಗಲೇ ಒಂದು ದಿನ, ಬುದ್ಧಿ ತಿಳಿಯಾದ ಗಳಿಗೆಯಲ್ಲಿ, ಅವಳು ಕೇಳಿದ್ದು.

“ದೊಡ್ಡಯಜಮಾನ್ರು ಹೋದಾಗ ಸತ್ತವರ ಮರ್ಯಾದೆಗೆ ಅಂತ ಇಡೀ ಮನೆ ಪರದೆ ನಾನೇ ಇಳಿಸಿದ್ದು ಕಣೇ. ದೊಡ್ಡಮ್ಮನವರು ಹೋದಾಗ್ಲೂ ನಾನೇ. ಮಣ್ಣಾಗೋ ತನಕ ಒಂದು ಗೆರೆ ಬೆಳಕೂ ಬಿಡ್ಲಿಲ್ಲ. ಆಫ್ರಿಕಾದಲ್ಲಿ ಸತ್ತ ಮಗನ ಹೆಣ ಮನೆಗೆ ಬರ್ಲೇ ಇಲ್ಲ, ಅವನಿಗೂ ಇಳಿಸಿದ್ವಿ.”

“ಹೂಂ.”

“ನನ್ನ ಪೆಟ್ಟಿಗೆ ಆ ದಾರೀಲೇ ಅಲ್ವಾ ಹೋಗೋದು. ಅವರನ್ನ ಕೇಳ್ತೀಯಾ? ಇಡೀ ಮನೆ ಬೇಡ. ಬೀರು ಎದುರಿನ ಮೂರನೇ ಕಿಟಕಿ ಒಂದು ಸಾಕು.”

ಹುಟ್ಟಿದಂದಿನಿಂದ ಅಕ್ಕ ತನಗಾಗಿ ಏನನ್ನಾದರೂ ಬೇಡಿದ್ದನ್ನು ಡಾರ್ಕಸ್ ಕೇಳಿದ್ದು ಅದೊಂದೇ ಸಲ.

*

ದೊಡ್ಡಮನೆಯ ಹಿಂಬಾಗಿಲಲ್ಲಿ ಮನೆವಾರ್ತೆಯ ಮಿಸೆಸ್ ಕಾಟಮ್ ಕಾಯುತ್ತಿದ್ದಳು. ಕಪ್ಪು ರೇಷ್ಮೆ, ಸೊಂಟದಲ್ಲಿ ಬೀಗದಕೈ ಗೊಂಚಲು. ಅಷ್ಟು ಬೀಗದಕೈಗಳ ನಡುವೆ ಇಲ್ಲದ್ದೆಂದರೆ ಇದೊಂದೇ.

“ಬಾಮ್ಮ, ಬಾ. ಇಂಥ ದಿನ ನಿನ್ನನ್ನ ಕರೆಸಬಾರದಿತ್ತು. ಲಂಡನ್ನಿಂದ ಬಂದೋರು ಇವತ್ತು ರಾತ್ರಿ ರೈಲಿಗೇ ವಾಪಸು ಹೋಗ್ತಾರಂತೆ. ಚಿಕ್ಕಮ್ಮನವರು ಅದನ್ನ ಮಾರ್ತಿದಾರೆ.”

“ಹೂವಿನ ಬೀರುನಾ?”

“ಹಳೇಕಾಲದ್ದು, ಕಣ್ಣಿಗೆ ಭಾರ ಅಂತಾರೆ. ಆ ಜಾಗದಲ್ಲಿ ಪಿಯಾನೋ ಇಡ್ತಾರಂತೆ.”

ಡಾರ್ಕಸ್‌ಳ ಮುಷ್ಟಿಯಲ್ಲಿ ಬೀಗದಕೈ ಬಿಸಿಯಾಗಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು: ಮೊದಲು ಪರದೆಯ ಮಾತು, ಆಮೇಲೆ ಬೀಗದಕೈ. ಅವಳು ಕೇಳಿದಳು. ಮೂರನೆಯ ಕಿಟಕಿ ಒಂದೇ, ಪೆಟ್ಟಿಗೆ ಹಾದುಹೋಗುವಷ್ಟು ಹೊತ್ತು ಮಾತ್ರ.

ಮಿಸೆಸ್ ಕಾಟಮ್ ಹಜಾರದ ಕಡೆ ಒಮ್ಮೆ ತಿರುಗಿ ನೋಡಿದಳು.

“ಆ ಕಿಟಕಿ ಒಂದು ಬಿಟ್ಟು ಬೇರೆ ಯಾವುದಾದ್ರೂ ಕೇಳಬಾರದಾ ನೀನು. ಬಂದೋರು ಹಜಾರದಲ್ಲಿ ಎಲ್ಲಾ ಪರದೆ ಏರಿಸಿಟ್ಟಿದಾರೆ, ಬೆಳಕು ಬೇಕು ಅಂತ.” ಆಮೇಲೆ ದನಿ ತಗ್ಗಿಸಿ ಹೇಳಿದಳು, “ಬೇರೆ ಯಾವುದು ಕೇಳಿದ್ರೂ ಚಿಕ್ಕಮ್ಮನವರು ಒಪ್ತಾ ಇರ್ಲಿಲ್ಲ ಅನ್ನು. ಬಟ್ಲರ್ ಸತ್ತಾಗ್ಲೇ ಇಳಿಸಲಿಲ್ಲ. ನಾನು ಸತ್ತರೂ ಇಳಿಸಲ್ಲ. ನನ್ನ ಕೋಣೆ ಕಿಟಕಿ ಹಿತ್ತಲಿಗಿದೆ. ಅದನ್ನ ಬೇಕಾದ್ರೆ ಇಳಿಸ್ತೀನಿ.”

“ಹಿತ್ತಲಲ್ಲಿ ಯಾರು ನೋಡ್ತಾರೆ?”

“ಯಾರೂ ಇಲ್ಲ” ಎಂದಳು ಮಿಸೆಸ್ ಕಾಟಮ್. “ಆದ್ರೂ ಇಳಿಸ್ತೀನಿ.”

ಅಷ್ಟರಲ್ಲಿ ಲಂಡನ್ನಿನವನೇ ಒಳಗಿನ ಓಣಿಯ ತುದಿಯಲ್ಲಿ ಕಾಣಿಸಿಕೊಂಡ. ಕೋಟು ಕಳಚಿದ್ದ. ಅಂಗಿಯ ಬಿಳಿ ತೋಳಪಟ್ಟಿ ಬೂದುಗೋಡೆಯ ಮುಂದೆ ಮಿನುಗುತ್ತಿತ್ತು. “ಬೀಗದಕೈ ಬಂತಾ?” ಎಂದು ಕೈ ಚಾಚಿದ. ಕೊಡುವುದಿಲ್ಲ ಎನ್ನಬೇಕೆಂದು ಡಾರ್ಕಸ್‌ಳ ಮನಸ್ಸು ಇನ್ನೂ ಮಾತು ಹುಡುಕುತ್ತಿತ್ತು. ದೊಡ್ಡಮನೆಯವರು ಚಾಚಿದ ಕೈಗೆ ಕೊಟ್ಟೇ ಅಭ್ಯಾಸವಿದ್ದ ಅವಳ ಕೈ ಅದಾಗಲೇ ಮುಂದೆ ಹೋಗಿತ್ತು.

“ನೀವೂ ಬನ್ನಿ” ಎಂದ ಅವನು. ಒಳ್ಳೆಯ ಮನುಷ್ಯ. “ಇದನ್ನ ನೋಡಿಕೊಂಡವರ ತಂಗಿಯಂತೆ. ನೋಡುವಿರಂತೆ, ಬನ್ನಿ.”

*

ಡಾರ್ಕಸ್ ಆ ಹಜಾರಕ್ಕೆ ಹಿಂದೆ ಬಂದದ್ದು ಒಂದೇ ಸಲ, ಹತ್ತು ವರ್ಷದ ಹುಡುಗಿಯಾಗಿದ್ದಾಗ. ಯಜಮಾನರ ಮನೆಯವರೆಲ್ಲ ಊರಲ್ಲಿರಲಿಲ್ಲ. ಕೆಜಾಯಾಳೇ ಆಗಿನ್ನೂ ಹದಿನಾರರವಳು. ತಂಗಿಯ ಬೂಟು ಬಿಚ್ಚಿಸಿ, ಕೈ ಹಿಡಿದು, ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಕರೆತಂದಿದ್ದಳು.

ಬೀರು ಗೋಡೆಯಷ್ಟು ಅಗಲವಿತ್ತು. ಬಣ್ಣ ಬಳಿದದ್ದಲ್ಲ, ಕೆತ್ತಿದ್ದೂ ಅಲ್ಲ. ಉಗುರಿಗಿಂತ ತೆಳುವಾದ ಮರದ ಚೂರುಗಳನ್ನು ಗರಗಸದಲ್ಲಿ ಕೊಯ್ದು, ಒಂದರ ಪಕ್ಕ ಒಂದು ಕೂರಿಸಿ ಬಿಡಿಸಿದ ಗುಲಾಬಿ, ಬಳ್ಳಿ, ಎಲೆ, ಹಕ್ಕಿ. ಎಲ್ಲವೂ ಜೇನಿನ ಬಣ್ಣ, ಚಹಾದ ಬಣ್ಣ, ಒಣಹುಲ್ಲಿನ ಬಣ್ಣ.

“ಮುಟ್ಬೇಡ. ಉಸಿರೂ ಬಿಡ್ಬೇಡ. ಇದು ಹೊರಗಿನದ್ದು, ಎಲೆ ಉದುರೋ ಕಾಲ” ಎಂದಿದ್ದಳು ಕೆಜಾಯಾ. ಕೊರಳಿಂದ ಲಾಡಿ ಎಳೆದು ಬೀಗ ತಿರುಗಿಸಿದ್ದಳು. “ಈಗ ನೋಡು.”

ಬಾಗಿಲುಗಳ ಒಳಮೈ ತೆರೆದುಕೊಂಡಿತು. ಅದೇ ಗುಲಾಬಿ, ಆದರೆ ಕೆಂಪು. ಅದೇ ಎಲೆ, ಆದರೆ ಹಸಿರು. ಹಕ್ಕಿಯ ರೆಕ್ಕೆ ನೀಲಿ. ಹುಡುಗಿ ಡಾರ್ಕಸ್ ಬಿಡಬಾರದೆಂದರೂ ಉಸಿರು ಬಿಟ್ಟುಬಿಟ್ಟಿದ್ದಳು.

“ಒಳಗೆ ಹೂ ಬಿಡೋ ಕಾಲ” ಎಂದಿದ್ದಳು ಅಕ್ಕ, ಪ್ರಾರ್ಥನೆ ಹೇಳುವ ದನಿಯಲ್ಲಿ. “ಮಾಡಿದವನು ದೇವರಲ್ಲಿ ಭಯ ಇದ್ದವನಿರಬೇಕು ಕಣೇ. ಮನುಷ್ಯನೂ ಹೀಗೇ ಅಲ್ವಾ? ಹೊರಗೆ ಬಾಡ್ತಾನೆ, ಒಳಗೆ ಬಾಡಲ್ಲ. ದೊಡ್ಡಮ್ಮನವರು ನಂಗೆ ಹೇಳಿದಾರೆ, ಮಧ್ಯಾಹ್ನದ ಬಿಸಿಲು ಒಂದು ದಿನಾನೂ ಇದರ ಮೇಲೆ ಬೀಳಬಾರದು ಅಂತ. ಅದು ನನ್ನ ಕೆಲಸ. ನಂದೊಬ್ಬಳದೇ.”

ಆ ಮಾತನ್ನು ಕೆಜಾಯಾ ಊರ ಪ್ರಾರ್ಥನಾಮಂದಿರವಾದ ಚಾಪೆಲಿನಲ್ಲಿ ಯಾರಿಗೋ ಹೇಳಿದಳು. ಉಪದೇಶಿಗಳ ಕಿವಿಗೆ ಬಿದ್ದು ಅವರು ಅದರ ಮೇಲೆಯೇ ಒಂದು ಭಾನುವಾರದ ಉಪದೇಶ ಮಾಡಿದರು. ಬೀರುವನ್ನು ಕಣ್ಣಲ್ಲೂ ಕಾಣದ ಸ್ಕೆಲ್‌ಬಿಯ ತಾಯಂದಿರು ಮಕ್ಕಳಿಗೆ ಅದರ ಕತೆ ಹೇಳಿ ಮಲಗಿಸಿದರು. ತೋಟದ ಕೆಲಸದ ಜಾಬೆಜ್ ಮದುವೆಯ ಮಾತೆತ್ತಿದಾಗ ಕೆಜಾಯಾ, “ಮದುವೆಯಾದರೆ ಕೆಲಸ ಬಿಡಬೇಕು. ಆಮೇಲೆ ಪರದೆ ಯಾರು ಇಳಿಸ್ತಾರೆ?” ಎಂದಳು. ಅವನು ನಗೆಯಾಡುತ್ತಿದ್ದಾಳೆ ಎಂದುಕೊಂಡ. ಮುಂದಿನ ವರ್ಷ ಮತ್ತೆ ಕೇಳಿದ. ಅದೇ ಉತ್ತರ.

*

ಲಂಡನ್ನಿನವನು ಬಾಗಿಲು ತೆರೆದು ಸಣ್ಣಗೆ ಶಿಳ್ಳೆ ಹಾಕಿದ.

“ನೋಡಿ ಇಲ್ಲಿ” ಎಂದು ಒಳಗಿನ ಒಂದು ಎಲೆಯ ಮೇಲೆ ಬೆರಳಿಟ್ಟ. ಇನ್ನೊಂದು ಕೈಯಿಂದ ಹೊರಗಿನ ಅದೇ ಎಲೆಯನ್ನು ತೋರಿಸಿದ. “ಎರಡೂ ಒಂದೇ ಗರಗಸದ ಕೊಯ್ತ. ಹಾಳೆ ಮೇಲೆ ಹಾಳೆ ಇಟ್ಟು ಒಟ್ಟಿಗೇ ಕೊಯ್ದಿದಾರೆ, ಒಂದೇ ಬಣ್ಣದ ನೀರಲ್ಲಿ ಅದ್ದಿದಾರೆ. ಅವಳಿಜವಳಿ.”

“ಹೊರಗೆ ಎಲೆ ಉದುರೋ ಕಾಲ” ಎಂದಳು ಡಾರ್ಕಸ್. “ಮಾಡಿದವರು ಹಾಗೇ ಮಾಡಿದ್ದು.”

“ಯಾರು ಹೇಳಿದ್ದು? ಹೊರಗೂ ಹೀಗೇ ಇತ್ತಮ್ಮ, ಕೆಂಪು, ಹಸಿರು, ನೀಲಿ. ಬಿಸಿಲು ತಿಂದುಹಾಕಿದೆ.”

ಮಿಸೆಸ್ ಕಾಟಮ್ ತಡೆದಳು. “ಇಲ್ಲ ಸರ್. ಈ ಕಿಟಕಿ ಪರದೆ ಒಂದು ದಿನ ತಪ್ಪದೆ ಇಳಿಸಿದಾರೆ.”

“ಯಾವಾಗಿನಿಂದ?”

“ಮನೆಯವರು ಇಟಲಿಯಿಂದ ವಾಪಸು ಬಂದಾಗಿನಿಂದ. ಅದಕ್ಕೂ ಮುಂಚೆ ಮನೆ ಎಷ್ಟೋ ವರ್ಷ ಖಾಲಿ ಇತ್ತಂತೆ. ಕಾವಲಿಗಿದ್ದ ಮುದುಕನಿಗೆ ಚಳಿ, ಬಿಸಿಲು ಬರ್ಲಿ ಅಂತ ಎಲ್ಲಾ ತೆರೆದಿಡ್ತಿದ್ದನಂತೆ. ದೊಡ್ಡಮ್ಮನವರು ಬಂದು ನೋಡಿ ಎರಡು ದಿನ ಊಟ ಮಾಡ್ಲಿಲ್ಲ ಅಂತ ಹಳಬರು ಹೇಳ್ತಿದ್ರು. ಆಮೇಲೆ ಈ ಪರದೆ ಹಾಕಿಸಿದ್ದು. ಅದೇ ವಸಂತದಲ್ಲಿ ಕೆಜಾಯಾಳನ್ನ ಕೆಲಸಕ್ಕೆ ತಗೊಂಡಿದ್ದು.”

“ಸರಿಹೋಯ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಾರೆ.”

ಡಾರ್ಕಸ್ ಬೀರುವಿನ ಮುಂದೆ ನಿಂತೇ ಇದ್ದಳು. “ಹಾಗಾದ್ರೆ” ಎಂದು ಶುರುಮಾಡಿ, ಕಿಟಕಿಯ ಕಡೆ ನೋಡಿದಳು. “ಅವಳು ಪರದೆ ಇಳಿಸದೇ ಇದ್ದಿದ್ರೆ ಏನಾಗ್ತಿತ್ತು?”

ಅವನು ಪ್ರಾಮಾಣಿಕವಾಗಿ ಯೋಚಿಸಿದ. “ಹೆಚ್ಚೇನೂ ಆಗ್ತಿರ್ಲಿಲ್ಲ. ಇಂಥ ಬಣ್ಣಕ್ಕೆ ಹತ್ತು ಬೇಸಿಗೆ ಸಾಕು. ಹೋಗೋದೆಲ್ಲ ನಿಮ್ಮಕ್ಕ ಬರೋದಕ್ಕೆ ಮುಂಚೆಯೇ ಹೋಗಿತ್ತು.” ಅವಳ ಮುಖ ನೋಡಿ, ಏನೋ ತಪ್ಪಾಯಿತೆಂದು ತಿಳಿದು, ಸೇರಿಸಿದ, “ಮೇಣ ಮಾತ್ರ ಬಹಳ ಚೆನ್ನಾಗಿ ಹಚ್ಚಿದಾರೆ.”

ಆಮೇಲೆ ಕಿಟಕಿಯ ಕಡೆ ತಿರುಗಿದ. “ಒಳಗಿನ ಬಣ್ಣವನ್ನಾದ್ರೂ ಉಳಿಸ್ಕೋಬೇಕು. ಚಿತ್ರ ಬರೆದುಕೊಳ್ಳೋಕೆ ಸಂಜೆ ತನಕ ಬಾಗಿಲು ತೆರೆದೇ ಇರ್ಬೇಕಲ್ಲ. ಬಿಸಿಲು ಇತ್ತ ಕಡೆ ಎಷ್ಟು ಹೊತ್ತಿಗೆ ಬರುತ್ತೆ?”

ಉತ್ತರ ಗೊತ್ತಿದ್ದವಳು ಅಲ್ಲಿರಲಿಲ್ಲ. ಮಿಸೆಸ್ ಕಾಟಮ್ ಡಾರ್ಕಸ್‌ಳನ್ನು ನೋಡಿದಳು.

“ಮಧ್ಯಾಹ್ನ ಇಳಿದ ಮೇಲೆ” ಎಂದಳು ಡಾರ್ಕಸ್. “ಬಂದಾಗ ಗೊತ್ತಾಗುತ್ತೆ.”

*

ಸ್ಕೆಲ್‌ಬಿಯ ಚರ್ಚು ದೊಡ್ಡಮನೆಯ ತೋಪಿನೊಳಗೇ ಇತ್ತು. ಊರಿಂದ ಹೊರಟ ಹೆಣ ಮನೆಯ ಮುಂಭಾಗದ ಹಾದಿಯಲ್ಲಿ, ಆ ಕಿಟಕಿಗಳ ಕೆಳಗೇ ಹಾದುಹೋಗಬೇಕು. ಊರಿನ ಬೀದಿಯಲ್ಲಿ ಎಲ್ಲ ಮನೆಗಳ ಕಿಟಕಿಗಳೂ ಮುಚ್ಚಿದ್ದವು. ಪರದೆಯಿಲ್ಲದ ಕಮ್ಮಾರನ ಮನೆಯವರು ಮೇಜಿನ ಬಟ್ಟೆಯನ್ನೇ ಕಟ್ಟಿದ್ದರು.

ಸೇತ್ ಮತ್ತು ಜಾಬೆಜ್ ಮುಂದಿನ ಹೆಗಲು ಕೊಟ್ಟಿದ್ದರು. ಜಾಬೆಜ್‌ಗೆ ವಯಸ್ಸಾಗಿತ್ತು. ಬೇರೆಯವರು ಬೇಡವೆಂದರೂ ಕೇಳಿರಲಿಲ್ಲ.

“ಏನಂದ್ರು?” ಎಂದು ಸೇತ್ ಹಿಂದಕ್ಕೆ ತಿರುಗದೆ ಕೇಳಿದ.

“ನೋಡೋಣ ಅಂದ್ರು” ಎಂದಳು ಡಾರ್ಕಸ್.

“ನೋಡೋಣ ಅಂದ್ರೆ ಇಲ್ಲ ಅಂತ.”

“ಮಾತಾಡ್ದೆ ನಡಿಯೋ” ಎಂದ ಜಾಬೆಜ್. “ಅವರಿಗೂ ಕರುಳಿರುತ್ತೆ. ಅಷ್ಟು ವರ್ಷ ಜೀವ ತೇಯ್ದಿದಾಳೆ.”

ಹಾದಿ ತಿರುಗಿತು. ದೊಡ್ಡಮನೆ ಎದುರಾಯಿತು. ಮೇಲಿಂದ ಕೆಳಗಿನವರೆಗೆ ಒಂದು ಪರದೆಯೂ ಇಳಿದಿರಲಿಲ್ಲ. ತಿಳಿಯಾದ ಆಕಾಶವೆಲ್ಲ ಗಾಜುಗಳಲ್ಲಿ ತುಂಬಿಕೊಂಡು, ಮನೆ ಹಬ್ಬಕ್ಕೆ ತೊಳೆದಿಟ್ಟ ಹಾಗಿತ್ತು. ಹೊರುವವರ ಹೆಜ್ಜೆ ತಾನಾಗಿ ನಿಧಾನವಾಯಿತು. ಹಿಂದೆ ಬರುತ್ತಿದ್ದ ಹೆಂಗಸರ ಗುಜುಗುಜು ನಿಂತಿತು. ಮೂರನೆಯ ಕಿಟಕಿಯ ನೇರಕ್ಕೆ ಬಂದಾಗ ಜಾಬೆಜ್, “ಹೆಗಲು ಬದಲಿಸೋಣ” ಎಂದ.

“ಈಗ ತಾನೇ ಬದಲಿಸಿದ್ವಲ್ಲ ಮಾರಾಯ.”

“ನೋಯ್ತಿದೆ ಅಂತೀನಿ.”

ಪೆಟ್ಟಿಗೆಯನ್ನು ಇಳಿಸಿ, ಮತ್ತೆ ಎತ್ತಿದರು. ಜಾಬೆಜ್ ಬೇಕಾದ್ದಕ್ಕಿಂತ ನಿಧಾನವಾಗಿ ಹೆಗಲ ಪಟ್ಟಿ ಸರಿಪಡಿಸಿದ. ಚರ್ಚಿನ ಗಂಟೆ ಒಂದು ಸಲ ಬಡಿದು, ಬಹಳ ಹೊತ್ತು ಬಿಟ್ಟು ಇನ್ನೊಂದು ಸಲ ಬಡಿಯಿತು. ಇನ್ನು ನಿಲ್ಲಲು ನೆಪವಿರಲಿಲ್ಲ.

ಆಗ ಮೂರನೆಯ ಕಿಟಕಿಯ ಪರದೆ ಇಳಿಯಿತು.

ಜಾಬೆಜ್‌ನ ಬಾಯಿಂದ ಒಂದು ಸದ್ದು ಬಂತು. ಹಿಂದೆ ಗಂಡಸರೆಲ್ಲ ಟೋಪಿ ತೆಗೆದರು. ಮಿಸೆಸ್ ಪಾಸ್ಕ್ ಡಾರ್ಕಸ್‌ಳ ತೋಳು ಹಿಡಿದು, “ನೋಡೇ, ನೋಡೇ” ಎಂದು ಅಳತೊಡಗಿದಳು.

ಡಾರ್ಕಸ್ ನೋಡಿದ್ದಳು. ಪರದೆಯ ಅಂಚು ಹಿಡಿದು ಎಳೆದ ಕೈಯನ್ನೂ, ಆ ಕೈಯ ಬಿಳಿ ತೋಳಪಟ್ಟಿಯನ್ನೂ ನೋಡಿದ್ದಳು. ಸೂರ್ಯ ಮನೆಯ ಮೂಲೆ ದಾಟಿ, ಬಿಸಿಲು ಆ ಕಿಟಕಿಯ ಗಾಜಿಗೆ ಅದೇ ಆಗ ತಾಗಿದ್ದನ್ನೂ ನೋಡಿದ್ದಳು. ಉಳಿದ ಕಿಟಕಿಗಳು ಹಾಗೇ ಕಣ್ಣು ಬಿಟ್ಟುಕೊಂಡಿದ್ದವು.

“ಗಟ್ಟಿಗಿತ್ತಿ ಕಣೇ ನೀನು” ಎಂದ ಸೇತ್. “ಹೆಸರು ಬದಲಾಯಿಸ್ಕೋತೀನಿ.”

“ನಡಿ” ಎಂದಳು ಡಾರ್ಕಸ್.

ಗುಂಡಿಯ ಬಳಿ ಪಾದ್ರಿಗಳು ಮನುಷ್ಯ ಹುಲ್ಲಿನ ಹಾಗೆ, ಹೂವಿನ ಹಾಗೆ ಬಾಡುತ್ತಾನೆ ಎಂಬ ಬೈಬಲಿನ ಆ ಹಳೆಯ ಮಾತುಗಳನ್ನು ಓದಿದರು. ಆ ಮಾತುಗಳನ್ನು ಡಾರ್ಕಸ್ ತೊಟ್ಟಿಲಿನಿಂದಲೂ ಕೇಳುತ್ತ ಬಂದಿದ್ದಳು. ಅರ್ಥಕ್ಕಿಂತ ಮೊದಲು ಅವುಗಳ ಏರಿಳಿತ ಅವಳಿಗೆ ಬಾಯಿಪಾಠವಾಗಿತ್ತು. ಎಲ್ಲಿ ಉಸಿರು ನಿಲ್ಲಬೇಕು ಎಂಬುದು ಗೊತ್ತಿತ್ತು. ಇಂದು ಅಲ್ಲಿ ಉಸಿರು ನಿಲ್ಲಲಿಲ್ಲ, ಸುಮ್ಮನೆ ಹಾದುಹೋಯಿತು. ಚಾಪೆಲಿನ ಉಪದೇಶಿಗಳು ಮುಂದೆ ಬಂದು, ನಮ್ಮ ಸಹೋದರಿ ಕಾಪಾಡಿದ ಆ ಬೀರು ಎಲ್ಲರಿಗೂ ಗೊತ್ತು, ಹೊರಗೆ ಎಲೆ ಉದುರುವ ಕಾಲ, ಒಳಗೆ ಹೂ ಬಿಡುವ ಕಾಲ, ಮಾಡಿದವನ ಮನಸ್ಸು ಅವಳಿಗೆ ಮಾತ್ರ ತಿಳಿದಿತ್ತು ಎಂದರು. ಜನ ತಲೆದೂಗಿದರು. ಡಾರ್ಕಸ್ ಹಿಡಿ ಮಣ್ಣು ಹಾಕಿದಳು. ಗಂಟಿಲ್ಲದ ಹಲಗೆಯ ಮೇಲೆ ಅದು ಬಿದ್ದ ಸದ್ದು ಕೇಳಿತು.

*

ಮನೆಗೆ ಬಂದವರಿಗೆ ಹಂದಿತೊಡೆ ಮಾಂಸ, ಒಣದ್ರಾಕ್ಷಿಯ ಬ್ರೆಡ್ಡು, ಚಹಾ. ಮಣ್ಣಾಗಿದ್ದರಿಂದ ಬೀದಿಯುದ್ದಕ್ಕೂ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಡಾರ್ಕಸ್ ಕೂಡ ಅಡುಗೆಮನೆಯ ಕಂಬಳಿಯ ತುಂಡನ್ನು ಬಿಚ್ಚಿದಳು. ಬಿಸಿಲು ನೇರ ಬಂದು ಪಿಂಗಾಣಿ ತಟ್ಟೆಗಳ ಮೇಲೆ ಕುಳಿತಿತು.

ಮಾತೆಲ್ಲ ಪರದೆಯದೇ. ಚಿಕ್ಕಮ್ಮನವರೇ ಖುದ್ದು ಇಳಿಸಿದ್ದನ್ನು ಕಂಡೆ ಎಂದು ಕಮ್ಮಾರನ ಹೆಂಡತಿ ಹೇಳಿದಳು. ಕಣ್ಣೊರೆಸಿಕೊಳ್ಳುತ್ತಿದ್ದರು ಎಂದು ಇನ್ನೊಬ್ಬಳು ಸೇರಿಸಿದಳು. ಡಾರ್ಕಸ್ ಮಾಂಸ ಕೊಯ್ಯುತ್ತಿದ್ದಳು.

ಜಾಬೆಜ್ ಏನೂ ತಿನ್ನಲಿಲ್ಲ. ಬಾಗಿಲಲ್ಲಿ ನಿಂತು ತೋಪಿನಾಚೆ ನೋಡುತ್ತಿದ್ದ. ಅಲ್ಲಿಂದ ದೊಡ್ಡಮನೆಯ ಸಾಲು ಕಿಟಕಿಗಳು ಕಾಣುತ್ತಿದ್ದವು. ಡಾರ್ಕಸ್ ಅವನಿಗೆ ಚಹಾ ತಂದಳು.

“ಒಂದ್ಮಾತು ಹೇಳ್ಲಾ” ಎಂದ ಅವನು. “ಇಷ್ಟು ವರ್ಷ ಅವಳ ಮೇಲೆ ನಂಗೆ ಕೋಪ ಇತ್ತು. ಒಂದು ಮರದ ಬೀರುಗೋಸ್ಕರ ನನ್ನ ಬೇಡ ಅಂದ್ಲಲ್ಲ ಅಂತ. ಇವತ್ತು ಹೋಯ್ತು. ಅವಳೇ ಸರಿ. ಅಂಥಾ ದೊಡ್ಡಮನೆ ತಲೆಬಾಗೋ ಹಾಗೆ ಬದುಕಿದ್ಲು. ನಾನು ಅವಳಿಗೆ ಅದನ್ನ ಕೊಡೋಕಾಗ್ತಿತ್ತಾ?”

ಡಾರ್ಕಸ್ ಬಾಯಿ ತೆರೆದಳು. ಅವನ ಕಣ್ಣು ಇನ್ನೂ ಆ ಕಿಟಕಿಯ ಮೇಲೇ ಇತ್ತು.

“ಚಹಾ ಆರುತ್ತೆ, ಕುಡಿ” ಎಂದಳು.

“ನೋಡು, ಇನ್ನೂ ಏರಿಸಿಲ್ಲ. ಮಣ್ಣಾಗಿ ಎಷ್ಟೊತ್ತಾಯ್ತು. ನಮ್ಮೂರವರೆಲ್ಲ ಏರಿಸಿಬಿಟ್ರು. ಅವರು ಇನ್ನೂ ಇಳಿಸೇ ಇದಾರೆ.” ಅವನು ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ಟೋಪಿ ತೆಗೆದ. “ಅವರು ಏರಿಸೋ ತನಕ ನಾನೂ ನಿಂತಿರ್ತೀನಿ.”

ಬಿಳಿಕೂದಲಿನ ತಲೆಯ ಮೇಲೆ ಗಾಳಿ ಬೀಸುತ್ತಿತ್ತು. ಡಾರ್ಕಸ್ ಅವನ ಪಕ್ಕದಲ್ಲಿ ನಿಂತು, ಹೊರಗೆ ನೋಡದೆ, ಒಳಗಿನ ಗೋಡೆಯನ್ನು ನೋಡುತ್ತಿದ್ದಳು. ಬಿಸಿಲು ಮೊದಲ ತಟ್ಟೆಯನ್ನು ಬಿಟ್ಟಿತು. ಎರಡನೆಯದನ್ನು ಬಿಟ್ಟಿತು. ಕೂಜದ ಕಿವಿಯ ಮೇಲೆ ಒಂದಿಷ್ಟು ಹೊತ್ತು ನಿಂತು, ಗೋಡೆಯಂಚಿಗೆ ಜರುಗಿ, ತೆಳುವಾಗಿ, ಇಲ್ಲವಾಯಿತು.

“ಈಗ ಏರಿಸ್ತಾರೆ” ಎಂದಳು ಅವಳು.

ತೋಪಿನಾಚೆ ಮೂರನೆಯ ಕಿಟಕಿಯ ಪರದೆ ಏರಿತು. ಜಾಬೆಜ್ ತಲೆಬಾಗಿಸಿ ನಮಸ್ಕರಿಸಿ, ಟೋಪಿ ಹಾಕಿಕೊಂಡ.